ನೀರಿನ ಮಕ್ಕಳಿಗೆ ನೆಲದ ಕಸರತ್ತು

ಈಜುಗಾರ ಭಾರ ಎತ್ತಬಾರದು. ಎತ್ತಿದರೆ ಮಾಂಸಖಂಡ ಬಿಗಿದುಕೊಂಡು ಕೈ ಬೀಸುವ ಸಲೀಸು ಹೋಗುತ್ತದೆ. ಕಳೆದ ಶತಮಾನದ ಮಧ್ಯಭಾಗದವರೆಗೂ ಅಮೆರಿಕದ ಬಹಳಷ್ಟು ತರಬೇತುದಾರರ ನಂಬಿಕೆ ಇದಾಗಿತ್ತು. ಇಂದು ಹದಿಹರೆಯದ ಈಜುಪಟುಗಳ ದಿನಚರಿಯಲ್ಲಿ ಕೊಳದ ಜೊತೆಗೆ ಜಿಮ್‌ಗೂ ಜಾಗವಿದೆ. ಈ ಬದಲಾವಣೆಯ ಹಿಂದೆ ವಿಜ್ಞಾನವಿದೆ, ಪದಕಗಳಿವೆ, ಮರೆಯಬಾರದ ಒಂದು ದ್ರೋಹದ ಕಥೆಯೂ ಇದೆ.

ಹಳೆಯ ನಂಬಿಕೆಗೆ ಪೆಟ್ಟು ಬಿದ್ದದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ. ಅಲ್ಲಿನ ಶರೀರಕ್ರಿಯಾ ವಿಜ್ಞಾನಿ ಪೀಟರ್ ಕಾರ್ಪೊವಿಚ್ ಈಜಿನ ಬಗ್ಗೆಯೂ ಸಂಶೋಧನೆ ನಡೆಸಿದ್ದವರು. ಭಾರ ಎತ್ತುವವರ ಮೈ ಪೆಡಸಾಗುತ್ತದೆಂದು ನಂಬಿದ್ದವರು. 1940ರಲ್ಲಿ ಕಾಲೇಜಿಗೆ ಬಂದ ಅಂಗಸಾಧಕ ಜಾನ್ ಗ್ರೀಮೆಕ್‌ಗೆ, ಬೆನ್ನನ್ನು ತುರಿಸಿಕೊಂಡು ತೋರಿಸಿ ಎಂದು ಅವರು ಸವಾಲು ಹಾಕಿದರು. ಗ್ರೀಮೆಕ್ ಬೆನ್ನು ತುರಿಸಿಕೊಂಡರು, ಜೊತೆಗೆ ಎರಡೂ ಕಾಲು ಚಾಚಿ ನೆಲಕ್ಕೆ ಕುಳಿತು ತೋರಿಸಿದರು. ಮುಂದೆ ಕಾರ್ಪೊವಿಚ್ ತಮ್ಮ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಜೋರ್ಬಾಸ್ ಎಂಬ ಸಂಶೋಧಕರ ಜೊತೆ 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 600 ಮಂದಿಯ ತೋಳಿನ ವೇಗ ಅಳೆದಾಗ, ಭಾರ ಎತ್ತುವವರೇ ಹೆಚ್ಚು ಚುರುಕಾಗಿದ್ದರು.

ಈ ತಿಳಿವಳಿಕೆಯನ್ನು ಈಜುಕೊಳದ ದಂಡೆಗೆ ತಂದವರಲ್ಲಿ ಪ್ರಮುಖರು 'ಡಾಕ್' ಎಂದೇ ಹೆಸರಾದ ಜೇಮ್ಸ್ ಕೌನ್ಸಿಲ್‌ಮನ್. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1957ರಿಂದ 1990ರವರೆಗೆ ತರಬೇತುದಾರರಾಗಿದ್ದ ಅವರು ನೀರೊಳಗೆ ಕ್ಯಾಮೆರಾ ಇಟ್ಟು ಈಜುಗಾರರ ಕೈಚಲನೆಯನ್ನು ಅಧ್ಯಯನ ಮಾಡಿದರು. ನೀರನ್ನು ಹಿಂದಕ್ಕೆ ಎಳೆಯುವ ರೀತಿಗೆ ಹೊಂದುವಂತೆಯೇ ಸ್ನಾಯು ಬಲಪಡಿಸಬೇಕೆಂಬುದು ಅವರ ವಾದ. ವೇಗವನ್ನು ಒಂದೇ ಸಮನಾಗಿ ಕಾಯ್ದುಕೊಂಡು ಪ್ರತಿರೋಧ ಒಡ್ಡುವ ಯಂತ್ರಗಳ ಬಳಕೆಗೆ ಅವರು ಒತ್ತು ಕೊಟ್ಟರು. ಅವರ ತಂಡ 1968ರಿಂದ 1973ರವರೆಗೆ ಸತತ ಆರು ಬಾರಿ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಅವರ ಶಿಷ್ಯ.

ಅದೇ ಮ್ಯೂನಿಕ್‌ನಲ್ಲಿ ಪೂರ್ವ ಜರ್ಮನಿಯ ಮಹಿಳೆಯರಿಗೆ ಈಜಿನಲ್ಲಿ ಒಂದೂ ಚಿನ್ನ ಸಿಗಲಿಲ್ಲ. ನಾಲ್ಕೇ ವರ್ಷಗಳಲ್ಲಿ, ಮಾಂಟ್ರಿಯಲ್‌ನಲ್ಲಿ, 13 ಸ್ಪರ್ಧೆಗಳ ಪೈಕಿ 11 ಚಿನ್ನ ಅವರ ಪಾಲಾಯಿತು. ಅಗಲವಾದ ಭುಜ, ಗಡಸು ದನಿ ಕಂಡವರಿಗೆ ಸಂಶಯ ಬಂದಿತ್ತು. ಬರ್ಲಿನ್ ಗೋಡೆ ಉರುಳಿದ ಮೇಲೆ ಸರ್ಕಾರಿ ಕಡತಗಳು ಬಾಯಿಬಿಟ್ಟವು. ಹದಿಹರೆಯದ ಹುಡುಗಿಯರಿಗೆ ವಿಟಮಿನ್ ಎಂದು ಹೇಳಿ ಪುರುಷ ಹಾರ್ಮೋನಿನಂತೆ ಕೆಲಸ ಮಾಡುವ ಮಾತ್ರೆ ನುಂಗಿಸಲಾಗಿತ್ತು. ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ 2000ದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಆದರೆ ಶಿಕ್ಷೆ ಅಮಾನತಿನಲ್ಲಿತ್ತು; ಜೈಲಿಗೆ ಹೋಗಲಿಲ್ಲ. ಮೈ ಕೆಡಿಸಿಕೊಂಡ ಹೆಣ್ಣುಮಕ್ಕಳಿಗೆ ಕಳೆದುಹೋದ ಆರೋಗ್ಯ ಮರಳಲಿಲ್ಲ.

ಹಾಗಾದರೆ ಮಕ್ಕಳು ಭಾರ ಎತ್ತಬಹುದೇ? ಬೆಳವಣಿಗೆ ಕುಂಠಿತವಾಗುತ್ತದೆಂಬ ಭಯ ಹಲವು ತಂದೆತಾಯಿಯರಲ್ಲಿ ಈಗಲೂ ಇದೆ. ಸರಿಯಾದ ಕ್ರಮದಲ್ಲಿ, ಬಲ್ಲವರ ಕಣ್ಗಾವಲಿನಲ್ಲಿ ನಡೆದರೆ ಮೂಳೆ ಬೆಳವಣಿಗೆಗೆ ಧಕ್ಕೆಯಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲಿ ಸ್ಪಷ್ಟಪಡಿಸಿತು. ಆದರೆ ಮೈ ಪೂರ್ತಿ ಬಲಿಯುವವರೆಗೆ ಗರಿಷ್ಠ ಭಾರ ಎತ್ತುವ ಪೈಪೋಟಿ ಬೇಡವೆಂದೂ ಎಚ್ಚರಿಸಿತು. ಪ್ರೌಢಾವಸ್ಥೆಗೆ ಮುನ್ನ ಕಸುವು ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳುವುದರಿಂದ, ಸ್ನಾಯು ದಪ್ಪಗಾಗುವುದರಿಂದಲ್ಲ. ಆದ್ದರಿಂದ ಹತ್ತು ವರ್ಷದ ಮಗುವಿಗೆ ದಂಡ, ಬಸ್ಕಿ, ರಬ್ಬರ್ ಪಟ್ಟಿಯ ಎಳೆತವೇ ಸಾಕಷ್ಟಾಯಿತು.

ಈ ಕಸರತ್ತಿಗೆ ಇನ್ನೊಂದು ಉದ್ದೇಶವೂ ಇದೆ. ಸಾವಿರಾರು ಬಾರಿ ಕೈ ಬೀಸುವುದರಿಂದ ಬರುವ ಭುಜದ ನೋವಿಗೆ 1974ರಲ್ಲಿ ವೈದ್ಯರಾದ ಕೆನಡಿ ಮತ್ತು ಹಾಕಿನ್ಸ್ 'ಈಜುಗಾರರ ಭುಜ' ಎಂದು ಹೆಸರಿಟ್ಟರು. ಭುಜದ ಸುತ್ತಲಿನ ಚಿಕ್ಕ ಸ್ನಾಯುಗಳನ್ನು ಬಲಪಡಿಸುವುದು ಈ ನೋವನ್ನು ತಡೆಯುವ ಒಂದು ದಾರಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಅತಿ ಕಿರಿಯ ಸ್ಪರ್ಧಿ ಬೆಂಗಳೂರಿನ ಧಿನಿಧಿ ದೇಸಿಂಘು, ವಯಸ್ಸು 14. ಆಕೆಯನ್ನು ಕಂಡು ಇನ್ನಷ್ಟು ಮಕ್ಕಳು ನೀರಿಗಿಳಿಯುವುದು ಸಹಜ. ಅವರ ಮೈಗೆ ಎಷ್ಟು ಭಾರ ತಕ್ಕುದೆಂದು ನಿರ್ಧರಿಸುವವರು ದೊಡ್ಡವರೇ. ಪದಕದ ಲೆಕ್ಕಕ್ಕಿಂತ ಮಗುವಿನ ಬೆಳವಣಿಗೆಯ ಲೆಕ್ಕ ಮೊದಲು ಬರಬೇಕು.