ಛಾವಣಿಯ ಮೂಲಕ ಹೊರಹೋಗುವ ಹೊಗೆಕೊಳವೆಯ ನಿರ್ವಹಣೆ: ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆ ಹಾಗೂ ಸುತ್ತಲಿನ ಗ್ರಾಮೀಣ ಪ್ರದೇಶಗಳಲ್ಲಿ ಅಡುಗೆ ಅನಿಲ ಹೊಂದಿರುವ ಕುಟುಂಬಗಳೂ ಸ್ನಾನದ ನೀರು ಕಾಯಿಸಲು ಸೌದೆ ಒಲೆಯನ್ನು ಬಳಸುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆ ಸಹಿತವಾದ ‘ಅಸ್ತ್ರ ಒಲೆ’ಯನ್ನು ರೂಪಿಸಿತು. 1980ರ ದಶಕದಲ್ಲಿ ಆರಂಭಗೊಂಡ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 2002ರಲ್ಲಿ ಮುಕ್ತಾಯಗೊಂಡಿತು. ಆದುದರಿಂದ ಒಲೆಯ ನಿರ್ವಹಣೆಯು ಸಂಪೂರ್ಣವಾಗಿ ಬಳಕೆದಾರರ ಹೊಣೆಯಾಗಿರುತ್ತದೆ.

ಶುಚಿಗೊಳಿಸುವ ಅಗತ್ಯ

ಕೊಳವೆಯಲ್ಲಿ ಮಸಿ ಕಟ್ಟಿದಂತೆ ಹೊಗೆ ಸಾಗುವ ದಾರಿ ಕಿರಿದಾಗಿ, ಹೊಗೆಯು ಮನೆಯೊಳಕ್ಕೆ ಹಿಂದಿರುಗುತ್ತದೆ. ಇದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಹಸಿ ಸೌದೆ ಉರಿಸಿದಲ್ಲಿ ಅಂಟುಮಸಿ ಹೆಚ್ಚಾಗಿ, ಕೊಳವೆಯೊಳಗೇ ಬೆಂಕಿ ಹೊತ್ತಿಕೊಳ್ಳುವ ಸಂಭವವಿರುತ್ತದೆ.

ಶುಚಿಗೊಳಿಸುವ ವಿಧಾನ

ದಿನನಿತ್ಯ ಬಳಸುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ಹಾಗೂ ಮಳೆಗಾಲಕ್ಕೆ ಮುನ್ನ ತಪ್ಪದೆ ಶುಚಿಗೊಳಿಸತಕ್ಕದ್ದು.

1. ಒಲೆಯನ್ನು ಪೂರ್ಣವಾಗಿ ಆರಿಸಿ, ತಣ್ಣಗಾದ ನಂತರವೇ ಕೆಲಸ ಆರಂಭಿಸುವುದು. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು.
2. ಒಲೆಯ ಬಾಯಿಗಳನ್ನು ಒದ್ದೆ ಗೋಣಿಚೀಲದಿಂದ ಮುಚ್ಚುವುದು.
3. ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ, ಮೇಲಿನಿಂದ ಇಳಿಬಿಟ್ಟು ಹಲವು ಬಾರಿ ಎಳೆಯುವುದು.
4. ಬುಡದಲ್ಲಿ ಬಿದ್ದ ಮಸಿಯನ್ನು ತೆಗೆಯುವುದು. ತುದಿಯ ಟೋಪಿಯಲ್ಲಿ ಹಕ್ಕಿಗೂಡು ಅಥವಾ ಕಸ ಇದೆಯೇ ಎಂದು ಪರಿಶೀಲಿಸುವುದು.
5. ಕೊನೆಯಲ್ಲಿ ಒಲೆಯೊಳಗೆ ಒಂದು ಕಾಗದ ಹೊತ್ತಿಸಿ ನೋಡುವುದು. ಹೊಗೆ ಹೊರಬಾರದೆ ಕೊಳವೆಯತ್ತ ಸಾಗಿದಲ್ಲಿ ದಾರಿ ತೆರೆದಿದೆ ಎಂದು ತಿಳಿಯುವುದು.

ವಿಶೇಷ ಸೂಚನೆಗಳು

* ಹಳೆಯ ಕೊಳವೆಗಳು ಆಸ್‌ಬೆಸ್ಟಾಸ್ ಸಿಮೆಂಟಿನವಾಗಿರಬಹುದು. ಇವುಗಳನ್ನು ತಂತಿ ಬ್ರಷ್‌ನಿಂದ ಉಜ್ಜಬಾರದು, ಕೊರೆಯಬಾರದು ಮತ್ತು ಒಡೆಯಬಾರದು. ಇದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.
* ಹೆಂಚು ಅಥವಾ ಶೀಟಿನ ಮೇಲೆ ನೇರವಾಗಿ ಕಾಲಿಡಬಾರದು. ಒಬ್ಬರೇ ಛಾವಣಿ ಏರಬಾರದು. ವಿದ್ಯುತ್ ತಂತಿಗಳಿಂದ ದೂರವಿರುವುದು.
* ಕೊಳವೆಗೆ ಬೆಂಕಿ ಹೊತ್ತಿದಲ್ಲಿ ಮನೆಯವರೆಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡುವುದು.
* ಒಲೆ ಉರಿಯುವಾಗ ತಲೆನೋವು, ತಲೆಸುತ್ತು ಅಥವಾ ವಾಕರಿಕೆ ಕಂಡುಬಂದಲ್ಲಿ ಕೂಡಲೇ ಬಯಲಿಗೆ ಬಂದು 108ಕ್ಕೆ ಕರೆ ಮಾಡುವುದು.

ಅಡುಗೆ ಅನಿಲ ಸಂಪರ್ಕ

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆಯು ಅನಿಲ ಸಂಪರ್ಕವಿಲ್ಲದ ಬಡ ಕುಟುಂಬಗಳ ವಯಸ್ಕ ಮಹಿಳೆಯರಿಗಾಗಿ ರೂಪಿತವಾಗಿದೆ. ಅರ್ಹರು ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಸಮೀಪದ ಅನಿಲ ವಿತರಕರನ್ನು ಸಂಪರ್ಕಿಸಿ, ಚಾಲ್ತಿಯಲ್ಲಿರುವ ನಿಯಮಗಳನ್ನು ತಿಳಿದುಕೊಳ್ಳತಕ್ಕದ್ದು. ಅನಿಲ ಸಂಪರ್ಕ ದೊರೆತ ನಂತರವೂ ಸೌದೆ ಒಲೆ ಬಳಕೆಯಲ್ಲಿರುವವರೆಗೆ ಮೇಲ್ಕಂಡ ಕ್ರಮಗಳನ್ನು ತಪ್ಪದೆ ಪಾಲಿಸುವುದು.