ಸಾಲಿಗೆ ಸೇರದ ಅಳತೆ

ಭೂಮಿಯು ಧ್ರುವಗಳ ಕಡೆ ಚಪ್ಪಟೆಯಾಗಿದೆ ಎಂಬುದನ್ನು ಹದಿನೆಂಟನೆಯ ಶತಮಾನದ ಮಧ್ಯದ ವೇಳೆಗೆ ವಿದ್ವಾಂಸರು ಒಪ್ಪಿದ್ದರು. ಎಷ್ಟು ಚಪ್ಪಟೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಅದನ್ನು ತಿಳಿಯಲು, ಉತ್ತರ-ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶದ ಉದ್ದವನ್ನು ಹಲವು ದೇಶಗಳಲ್ಲಿ ಅಳೆಯಬೇಕಿತ್ತು. ಧ್ರುವದತ್ತ ಸಾಗಿದಂತೆ ಆ ಉದ್ದ ಕ್ರಮವಾಗಿ ಹೆಚ್ಚಬೇಕು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರ ಕಾಲದಲ್ಲಿ, 1750ರಿಂದ 1752ರವರೆಗೆ, ಯೇಸುಸಭೆಯ ಗುರುಗಳಾದ ರೋಜರ್ ಬೋಸ್ಕೊವಿಚ್ ಮತ್ತು ಕ್ರಿಸ್ಟೋಫರ್ ಮೇರ್ ರೋಮ್ ಮತ್ತು ರಿಮಿನಿ ನಗರಗಳ ನಡುವೆ ಈ ಕಾರ್ಯವನ್ನು ಕೈಗೊಂಡರು.

ಬೋಸ್ಕೊವಿಚ್ ತಮ್ಮ ಅಳತೆಯನ್ನು ಕ್ವಿಟೊ, ಕೇಪ್, ಪ್ಯಾರಿಸ್ ಹಾಗೂ ಲಾಪ್ಲೆಂಡಿನ ಅಳತೆಗಳ ಜೊತೆಗಿಟ್ಟು ನೋಡಿದರು. ಐದೂ ಒಂದೇ ಸಾಲಿಗೆ ಬರಲೊಲ್ಲವು. 43ನೆಯ ಅಕ್ಷಾಂಶದ ಸಮೀಪದ ರೋಮಿನ ಡಿಗ್ರಿ 56,979 ತ್ವಾಜ್. ಸಮಭಾಜಕಕ್ಕೆ ಇನ್ನೂ ಹತ್ತಿರವಿರುವ, 33ನೆಯ ಅಕ್ಷಾಂಶದ ಕೇಪಿನ ಡಿಗ್ರಿ 57,037! (ತ್ವಾಜ್ ಎಂದರೆ ಎರಡು ಮೀಟರಿಗೆ ತುಸು ಕಡಿಮೆಯ ಹಳೆಯ ಫ್ರೆಂಚ್ ಅಳತೆ.) ಎರಡೆರಡನ್ನು ಜೋಡಿಸಿ ಹತ್ತು ಲೆಕ್ಕ ಮಾಡಿದರೆ ಹತ್ತೂ ಹತ್ತು ಬಗೆ. ತೀರ ದೂರ ನಿಂತ ಎರಡನ್ನು ಕೈಬಿಟ್ಟು ಉಳಿದೆಂಟರ ಸರಾಸರಿಯನ್ನೂ ತೆಗೆದರು. ಮನಸ್ಸಿಗೆ ಸಮಾಧಾನವಾಗಲಿಲ್ಲ.

1757ರಲ್ಲಿ ಅವರು ಬೇರೊಂದು ನಿಯಮವನ್ನು ಮುಂದಿಟ್ಟರು. ಯಾವ ಅಳತೆಯನ್ನೂ ಹೊರಗಟ್ಟುವುದಿಲ್ಲ; ಎಲ್ಲಕ್ಕೂ ತಿದ್ದುಪಡಿಯುಂಟು. ಕೂಡುವ ತಿದ್ದುಪಡಿಗಳ ಮೊತ್ತ ಕಳೆಯುವವುಗಳ ಮೊತ್ತಕ್ಕೆ ಸಮನಾಗಿರಬೇಕು, ಎರಡೂ ಸೇರಿದ ಒಟ್ಟು ಮೊತ್ತ ಕನಿಷ್ಠವಾಗಿರಬೇಕು. 1805ರಲ್ಲಿ ಲೆಜಾಂಡ್ರ್ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ ಇದಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು, ನಿಜ. ಆದರೆ ಅಲ್ಲಿ ಅಂತರಗಳ ವರ್ಗವನ್ನು ಲೆಕ್ಕಕ್ಕೆ ಹಿಡಿಯುವುದರಿಂದ ದೂರ ನಿಂತ ಒಂದೇ ಅಂಕಿ ಇಡೀ ರೇಖೆಯನ್ನು ತನ್ನತ್ತ ಬಲವಾಗಿ ಎಳೆಯುತ್ತದೆ. ಈ ವಿಷಯದಲ್ಲಿ ಬೋಸ್ಕೊವಿಚರ ನಿಯಮವೇ ಮೇಲೆಂದು ನನ್ನ ಎಣಿಕೆ.

ಕೇಪಿನಂತೆ ಲಾಪ್ಲೆಂಡಿನ ಅಂಕಿಯೂ ಸಂಶಯಾಸ್ಪದವಾಗಿತ್ತು. ಕಾಗದದ ಮೇಲಿನ ಅಂಕಿಗಳನ್ನಷ್ಟೇ ನೋಡಿ ಇವೆರಡರ ಭೇದವನ್ನು ಯಾರೂ ಅರಿಯುವಂತಿರಲಿಲ್ಲ. ಸ್ವಾನ್‌ಬರ್ಗ್ 1801-1803ರಲ್ಲಿ ಲಾಪ್ಲೆಂಡನ್ನು ಮತ್ತೆ ಅಳೆದಾಗ ಹಿಂದಿನ ಡಿಗ್ರಿ 200 ತ್ವಾಜ್‌ಗೂ ಹೆಚ್ಚು ಉದ್ದವಾಗಿತ್ತೆಂದು ತಿಳಿಯಿತು. ಅದು ಅಳೆದವರ ದೋಷ.

ಕೇಪಿನ ಕಥೆ ಬೇರೆ. ಭಾರತದ ಭೂಮಾಪನದಲ್ಲಿದ್ದ ಜಾರ್ಜ್ ಎವರೆಸ್ಟ್ 1820ರಲ್ಲಿ ಆರೋಗ್ಯ ಸುಧಾರಣೆಗೆಂದು ಅಲ್ಲಿಗೆ ಹೋಗಿದ್ದಾಗ, ಲಕಾಯ್ ಎಂಬ ಫ್ರೆಂಚ್ ಖಗೋಳಜ್ಞರು 1752ರಲ್ಲಿ ಅಳೆದ ನೆಲವನ್ನು ತಾವೇ ನೋಡಿದರು. ದಕ್ಷಿಣದ ತುದಿಯಲ್ಲಿ ಟೇಬಲ್ ಮೌಂಟನ್, ಉತ್ತರದ ತುದಿಯಲ್ಲಿ ಪಿಕೆಟ್‌ಬರ್ಗ್ ಬೆಟ್ಟಗಳು. ಲಕಾಯ್ ಅವರ ತೂಗುಗುಂಡನ್ನು ಬೆಟ್ಟಗಳೇ ತಮ್ಮತ್ತ ಸೆಳೆದಿರಬೇಕೆಂದು ಅವರು ಊಹಿಸಿದರು. 1840ರ ದಶಕದಲ್ಲಿ ಥಾಮಸ್ ಮಕ್ಲಿಯರ್ ಅದೇ ನೆಲವನ್ನು ಮರಳಿ ಅಳೆದು ಆ ಊಹೆಯನ್ನು ದೃಢಪಡಿಸಿದರು.