ಕೇಳಿಸಿ ಕಳುಹಿಸಿದವರು



ನಿಮ್ಮಲ್ಲಿ ವಿಜಯಪುರ, ಕಲಬುರಗಿ ಕಡೆಯವರಿಗೆ ಇಂದಾಪುರ ಗೊತ್ತೇ ಇರುತ್ತದೆ. ಮುಂಬಯಿಯಲ್ಲಿ ರಾತ್ರಿ ಬಸ್ಸು ಹತ್ತಿ, ಪುಣೆ ದಾಟಿ, ಸೊಲ್ಲಾಪುರದ ದಾರಿಯಲ್ಲಿ ಸುಮಾರು 135 ಕಿ.ಮೀ. ಸಾಗಿದರೆ ಸಿಗುವ ಊರು. ಹತ್ತಿರದಲ್ಲೇ ಉಜನಿ ಅಣೆಕಟ್ಟಿನ ಹಿನ್ನೀರು. ಅಲ್ಲಿ ತುಂಬಿ ನಿಂತ ಭೀಮೆ ಮುಂದೆ ನಮ್ಮ ಜಿಲ್ಲೆಗಳಿಗೇ ಹರಿದು ಬರುತ್ತಾಳೆ.

ಹಿಂದಿನ ಸಲ ಊರಿಗೆ ಹೊರಟಾಗ ನಮ್ಮ ಬಸ್ಸು ಇಂದಾಪುರದಲ್ಲಿ ಚಹಾಕ್ಕೆ ನಿಂತಿತ್ತು. ಮತ್ತೆ ಹೊರಟ ಮೇಲೆ ಡ್ರೈವರ್ ಒಂದು ಅಭಂಗ ಹಾಕಿದರು. ಭೀಮಸೇನ ಜೋಶಿಯವರ ಕಂಠ. ಮುಂದಿನ ಸೀಟಿನ ಹುಡುಗನೊಬ್ಬ, "ಇದನ್ನ ಯಾರು ಹಾಡ್ಯಾರ್ರೀ ಕಾಕಾ?" ಎಂದು ಕೇಳಿದ. ಡ್ರೈವರ್ ನಕ್ಕು, "ಯಾರಿಗ್ಗೊತ್ತಪ್ಪಾ, ಪೆನ್ ಡ್ರೈವಿನ್ಯಾಗ ಎರಡು ಸಾವಿರ ಹಾಡು ಅದಾವ" ಎಂದರು. ಹುಡುಗ ಸುಮ್ಮನಾದ. ನಾನು ಹೆಸರು ಹೇಳಿದೆ. ಆದರೆ ಆ ಪ್ರಶ್ನೆ ಊರು ಮುಟ್ಟುವವರೆಗೂ ನನ್ನ ಜೊತೆಗೇ ಬಂತು.

ಈ ಪ್ರಶ್ನೆಗೆ ಉತ್ತರ ಹೇಳುವುದನ್ನೇ ಕಸುಬು ಮಾಡಿಕೊಂಡವರು ಒಂದು ಕಾಲಕ್ಕೆ ಊರೂರಲ್ಲಿ ಇದ್ದರು. ರೆಕಾರ್ಡು ಅಂಗಡಿಯವರು! ಇವತ್ತು ಅವರನ್ನು ನೆನೆಯೋಣ.

ಮೊದಲು ಗದಗಿಗೆ ಹೋಗೋಣ. ಭೀಮಸೇನರು ಹುಟ್ಟಿದ್ದು 1922ರಲ್ಲಿ. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಶಾಲೆಗೆ ಹೋಗುವ ದಾರಿಯಲ್ಲಿದ್ದ ಅಂಗಡಿಯೊಂದರಲ್ಲಿ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿದ, ತನಗೂ ಹೀಗೆ ಹಾಡಲು ಬರಬೇಕು ಎಂದು ಹಟ ಹಿಡಿದ ಎಂಬುದು ಎಲ್ಲರೂ ಹೇಳುವ ಕಥೆ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇಬಿಟ್ಟ. ವಿಜಯಪುರ, ಪುಣೆ, ಗ್ವಾಲಿಯರ್ ಎಂದು ಅಲೆದ. ಕೊನೆಗೆ ತಂದೆ ಜಲಂಧರದಲ್ಲಿ ಮಗನನ್ನು ಪತ್ತೆ ಮಾಡಿ ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯನನ್ನಾಗಿ ಒಪ್ಪಿಕೊಂಡರು. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು!

ಈ ಕಥೆಯಲ್ಲಿ ನಾವು ಹುಡುಗನನ್ನು ನೋಡುತ್ತೇವೆ, ಗುರುವನ್ನು ನೋಡುತ್ತೇವೆ. ಅಂಗಡಿಯವನನ್ನು ಯಾರೂ ನೋಡುವುದಿಲ್ಲ.

ಅವನ ಕಡೆಯಿಂದ ಸ್ವಲ್ಪ ಯೋಚಿಸಿ. ಅಂದಿನ 78 ವೇಗದ ರೆಕಾರ್ಡು ಅರಗಿನಿಂದ ಮಾಡಿದ್ದು. ಕೈ ಜಾರಿದರೆ ಚೂರು ಚೂರು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಾಡು, ಅಷ್ಟೇ. ಉಕ್ಕಿನ ಮುಳ್ಳು ಬೇಗ ಸವೆಯುತ್ತಿತ್ತು, ಮೇಲಿಂದ ಮೇಲೆ ಬದಲಿಸಬೇಕಿತ್ತು. ಮುಳ್ಳಿನ ಜೊತೆಗೆ ರೆಕಾರ್ಡೂ ಸವೆಯುತ್ತಿತ್ತು. ಅಂದರೆ ಒಂದೊಂದು ಸಲ ಕೇಳಿಸಿದಾಗಲೂ ಮಾರುವ ಸರಕು ಒಂದಿಷ್ಟು ಹಳೆಯದಾಗುತ್ತಿತ್ತು. ಜೇಬಿನಲ್ಲಿ ಕಾಸಿಲ್ಲದ ಶಾಲೆಯ ಹುಡುಗ ಬಾಗಿಲಲ್ಲಿ ನಿಂತರೆ ವ್ಯಾಪಾರಿಗೆ ಲಾಭವೇನು? "ಹೋಗೋ ಆಚೆ" ಎಂದು ಗದರಿಸಿದ್ದರೂ ತಪ್ಪು ಎನ್ನುವಂತಿರಲಿಲ್ಲ. ಗದರಿಸಲಿಲ್ಲ, ಹುಡುಗ ಕೇಳಿದ. ಆ ಮೂರು ನಿಮಿಷದ ಫಲವನ್ನು ನಾವು ಎಪ್ಪತ್ತು ವರ್ಷ ಉಂಡೆವು.

ಭೀಮಸೇನರ ಮೊದಲ ರೆಕಾರ್ಡನ್ನು ಎಚ್‌ಎಂವಿ 1942ರಲ್ಲಿ ಹೊರತಂದಿತು. ಅದರಲ್ಲಿದ್ದದ್ದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು. ಅಂಗಡಿಯ ಬಾಗಿಲಲ್ಲಿ ನಿಂತವನ ದನಿ ಹತ್ತೇ ವರ್ಷದೊಳಗೆ ಅಂಗಡಿಯ ಒಳಗೆ ಬಂದು ಕೂತಿತು, ಅದೂ ಕನ್ನಡದಲ್ಲಿ. ಮರುವರ್ಷ ಅವರು ಬಂದದ್ದು ನಮ್ಮ ಮುಂಬಯಿಗೆ, ರೇಡಿಯೋ ಕಲಾವಿದರಾಗಿ! ನಾವು ರೇಡಿಯೋದವರು ಇದಕ್ಕೆ ಸ್ವಲ್ಪ ಬೀಗಿದರೆ ತಪ್ಪೇನಿಲ್ಲ, ಅಲ್ಲವೇ?

ಇನ್ನು ಮುಂಬಯಿಯ ಅಂಗಡಿಗೆ ಬರೋಣ. ಫೋರ್ಟ್ ಕಡೆ ಕೆಲಸ ಮಾಡಿದ ನಿಮ್ಮಲ್ಲಿ ಎಷ್ಟೋ ಜನ ಕಾಲಾ ಘೋಡಾದ ರಿದಮ್ ಹೌಸಿನ ಮೆಟ್ಟಿಲು ಹತ್ತಿರುತ್ತೀರಿ. 1940ರ ದಶಕದಲ್ಲಿ ಸುಲೇಮಾನ್ ನೆನ್ಸಿ ಎಂಬವರು ತೆರೆದ ಅಂಗಡಿ ಅದು. ಮುಂದೆ ಕರ್ಮಾಲಿ ಕುಟುಂಬ ಅದನ್ನು ಬೆಳೆಸಿತು. ಕೊನೆಯ ವರ್ಷಗಳಲ್ಲಿ ನಡೆಸಿದವರು ಮೆಹಮೂದ್ ಕರ್ಮಾಲಿ. 78ರ ರೆಕಾರ್ಡು, ಎಲ್‌ಪಿ, ಕ್ಯಾಸೆಟ್, ಸಿಡಿ ಎಲ್ಲವೂ ಆ ಒಂದೇ ಸೂರಿನಡಿ ಬಂದುಹೋದವು. ಸಂಗೀತ ಕಛೇರಿಗಳ ಟಿಕೆಟ್ಟೂ ಅಲ್ಲೇ ಸಿಗುತ್ತಿತ್ತು.

ಅಲ್ಲಿಯ ವಿಶೇಷ, ಕೇಳುವುದಕ್ಕೆಂದೇ ಮಾಡಿಸಿದ್ದ ಸಣ್ಣ ಗೂಡುಗಳು. ಬೇಕಾದ ಹಾಡು ಆರಿಸಿ, ಒಳಗೆ ಹೋಗಿ ಕೇಳಿ, ಮನಸ್ಸಿಗೆ ಹಿಡಿಸಿದರೆ ಕೊಳ್ಳಬಹುದಿತ್ತು. ಶಮ್ಮಿ ಕಪೂರ್ ಅವರಂಥ ತಾರೆಯರು ಬರುತ್ತಿದ್ದ ಅಂಗಡಿಗೇ ಕಾಲೇಜು ಹುಡುಗರೂ ಬರುತ್ತಿದ್ದರು. ಗದಗಿನ ಅಂಗಡಿಯ ಬಾಗಿಲಿಗೆ ಇಲ್ಲಿ ಗೋಡೆ, ಕುರ್ಚಿ ಬಂದಿತ್ತು. ನಡೆದ ಕೆಲಸ ಮಾತ್ರ ಅದೇ: ಮೊದಲು ಕೇಳಿಸುವುದು, ವ್ಯಾಪಾರ ಆಮೇಲೆ.

ಪುಣೆಯಲ್ಲಿ ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋದರು. ಕರ್ವೆ ರಸ್ತೆಯಲ್ಲಿ ಆಲೂರಕರ್ ಮ್ಯೂಸಿಕ್ ಹೌಸ್ ನಡೆಸಿದ ಸುರೇಶ ಆಲೂರಕರ್ ಬೇರೆ ಕಂಪನಿಗಳ ಕ್ಯಾಸೆಟ್ ಮಾರಿ ಸುಮ್ಮನಾಗಲಿಲ್ಲ. ತಮ್ಮದೇ ಹೆಸರಿನಲ್ಲಿ ಶಾಸ್ತ್ರೀಯ ಗಾಯನದ ಕ್ಯಾಸೆಟ್ ಹೊರತಂದರು. ಪು. ಲ. ದೇಶಪಾಂಡೆಯವರ ಕಥನಗಳನ್ನೂ ಮನೆಮನೆಗೆ ಮುಟ್ಟಿಸಿದರು. ಗಿರಾಕಿ ಏನು ಕೇಳುತ್ತಾನೆ ಎಂಬುದು ಗಲ್ಲೆಯ ಹಿಂದೆ ಕೂತವನಿಗೆ ದಿನವೂ ಕಿವಿಗೆ ಬೀಳುತ್ತದೆ. ದೊಡ್ಡ ಕಂಪನಿಯ ಕಚೇರಿಯಲ್ಲಿ ಕೂತವರಿಗೆ ಅದು ಕೇಳಿಸುವುದು ಕಷ್ಟ.

ರಿದಮ್ ಹೌಸ್ 2016ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿತು. ನಕಲಿ ಸಿಡಿಗಳ ಹಾವಳಿ ಮೊದಲೇ ಇತ್ತು. ಆಮೇಲೆ ಹಾಡುಗಳು ಕಂಪ್ಯೂಟರಿಗೂ ಮೊಬೈಲಿಗೂ ಇಳಿದವು. ಮುಚ್ಚುವ ಸುದ್ದಿ ತಿಳಿದದ್ದೇ ತಡ, ಜನ ಕೊನೆಯ ಬಾರಿ ನೋಡಲು ಬಂದರು. ಮರುವರ್ಷ ಆ ಜಾಗವನ್ನು ವಜ್ರದ ವ್ಯಾಪಾರಿ ನೀರವ್ ಮೋದಿಯ ಕಂಪನಿ ಕೊಂಡಿತು. 2018ರಲ್ಲಿ ಬ್ಯಾಂಕ್ ಹಗರಣ ಬಯಲಾದ ಮೇಲೆ ಜಾರಿ ನಿರ್ದೇಶನಾಲಯ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಹಾಡಿನ ಅಂಗಡಿ ಕೋರ್ಟು ಕಾಗದದ ಆಸ್ತಿಯಾಯಿತು.

ಹಾಗಂತ ನಾನು ಹೊಸ ಕಾಲವನ್ನು ಬೈಯಲು ಕೂತಿಲ್ಲ. ಅಂದು ಒಂದು ಎಲ್‌ಪಿ ಕೊಳ್ಳಲು ಬಡ ಸಂಬಳದಾರ ಎರಡು ಸಲ ಯೋಚಿಸುತ್ತಿದ್ದ. ಇಂದು ಮೊಬೈಲಿದ್ದ ಹುಡುಗನಿಗೆ ಭೀಮಸೇನರ ತೋಡಿಯೂ ಮಲ್ಲಿಕಾರ್ಜುನ ಮನ್ಸೂರರ ವಚನವೂ ಒಂದೇ ಕ್ಷಣದಲ್ಲಿ ಸಿಗುತ್ತವೆ. ಇದು ಸಣ್ಣ ಮಾತಲ್ಲ. ಮೊಬೈಲು ಕೂಡ "ಇದನ್ನೂ ಕೇಳಿ" ಎಂದು ಹಾಡು ಮುಂದಿಡುತ್ತದೆ. ಆದರೆ ನೀವು ಈಗಾಗಲೇ ಕೇಳಿದ್ದನ್ನು ನೋಡಿಕೊಂಡು ಅಂಥದ್ದನ್ನೇ ಇಡುತ್ತದೆ. ಅಂಗಡಿಯವರು ನಿಮ್ಮ ಮುಖ ನೋಡಿ, ನೀವು ಕೇಳದೇ ಇದ್ದದ್ದನ್ನು ಕೈಗಿಡುತ್ತಿದ್ದರು. "ಇದನ್ನ ಒಯ್ದು ಕೇಳ್ರಿ, ಸೇರಲಿಲ್ಲಂದ್ರ ವಾಪಸ್ ತರ್ರಿ" ಎನ್ನುವ ಧೈರ್ಯ ಅವರಿಗಿತ್ತು. ಕಲಾವಿದನ ಹೆಸರು, ಗುರುವಿನ ಹೆಸರು, ಊರು, ಮನೆತನ ಎಲ್ಲ ಹಾಡಿನ ಜೊತೆ ಪುಕ್ಕಟೆಯಾಗಿ ಬರುತ್ತಿತ್ತು.

ಬಸ್ಸಿನ ಹುಡುಗನಿಗೆ ಸಿಗದೇ ಹೋದದ್ದು ಇದೇ. ಹಾಡು ಅವನ ಕಿವಿಗೆ ಬಿದ್ದಿತ್ತು, ಹೆಸರು ಹೇಳುವವರು ಇರಲಿಲ್ಲ. ಹೆಸರು ಗೊತ್ತಾಗದಿದ್ದರೆ ಹುಡುಕಿಕೊಂಡು ಹೋಗುವುದು ಹೇಗೆ? ಗದಗಿನ ಹುಡುಗ ಹೊರಟದ್ದು ಹೆಸರೊಂದರ ಬೆನ್ನು ಹತ್ತಿಯೇ.

ಅದಕ್ಕೇ ಕೇಳುಗರೇ, ಅಂದಿನಿಂದ ನಾನೊಂದು ನೇಮ ಇಟ್ಟುಕೊಂಡಿದ್ದೇನೆ. ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಸಮಯ ಎಷ್ಟೇ ಕಡಿಮೆಯಿರಲಿ, ಹಾಡಿನ ಮುಂಚೆಯೋ ನಂತರವೋ ಹಾಡಿದವರ, ಬರೆದವರ, ರಾಗ ಹಾಕಿದವರ ಹೆಸರು ಹೇಳದೆ ಬಿಡುವುದಿಲ್ಲ. ಹೇಳದೆ ಬಿಟ್ಟರೆ ಕಾಗದ ಬರೆದು ಬೈಯಿರಿ.

ನಿಮಗೂ ಒಂದು ಕೆಲಸ. ನಿಮ್ಮ ಊರಿನ ಪೇಟೆಯಲ್ಲಿ ರೆಕಾರ್ಡು, ಕ್ಯಾಸೆಟ್ ಮಾರುತ್ತಿದ್ದವರು ಯಾರು? ಅವರು ನಿಮ್ಮ ಕೈಗಿಟ್ಟ ಮೊದಲ ಹಾಡು ಯಾವುದು? ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಹಾಡನ್ನು ಕೇಳಿಸಿ. ಕೇಳಿಸುವ ಮೊದಲು ಹೆಸರು ಹೇಳಿ.

ಮತ್ತೆ ಸಿಗೋಣ, ಅಲೆಗಳ ಮೇಲೆ. ನಮಸ್ಕಾರ.